ಗೂಂಡಾ ಕಾಯ್ದೆಗಿಂತ ಮೊದಲು ಬೀಟ್ ಪೊಲೀಸ್ ಬೇಕು

ಸಂಪಾದಕರಿಗೆ,

ಮಾನ್ಯರೇ,

ಶಿವಮೊಗ್ಗದ ಗಾಂಧಿ ಬಜಾರ್, ನೆಹರೂ ರಸ್ತೆ, ದುರ್ಗಿಗುಡಿಯ ಕಡೆ ಅಂಗಡಿಯ ಶಟರ್ ಮೀಟಿ ಕಳವು ನಡೆದ ಸುದ್ದಿ ಬಂದಾಗಲೆಲ್ಲ ವರ್ತಕರಾದ ನಾವು ಅಧಿಕಾರಿಗಳ ಮುಂದಿಡುವ ಬೇಡಿಕೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಕಳ್ಳರ ಮೇಲೆ, ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಗೂಂಡಾ ಕಾಯ್ದೆ ಹಾಕಿ, ಇಲ್ಲವೇ ಜಿಲ್ಲೆಯಿಂದ ಗಡಿಪಾರು ಮಾಡಿ. ನಾನೂ ಇದೇ ಪೇಟೆಯಲ್ಲಿ ಚಿಲ್ಲರೆ ವ್ಯಾಪಾರ ಮಾಡುವವನಾದ್ದರಿಂದ ಆ ಸಿಟ್ಟು ನನಗೆ ಅಪರಿಚಿತವಲ್ಲ. ಆದರೆ ಆ ಬೇಡಿಕೆಯನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ. ಕಠಿಣ ಕಾನೂನುಗಳು ನಮ್ಮಲ್ಲಿ ಬೇಕಾದಷ್ಟಿವೆ. ದೂರು ಬರೆದುಕೊಂಡು ಅದರ ಹಿಂದೆ ಹೋಗುವ ಕೈಗಳು ಠಾಣೆಯಲ್ಲಿ ಕಡಿಮೆಯಾಗಿವೆ. ಆ ಕಠಿಣ ಕಾನೂನುಗಳು ಬಳಕೆಯಾದಾಗ ಅದರ ಲೆಕ್ಕ ಕೇಳುವವರು ಇನ್ನೂ ಕಡಿಮೆ. ಇವೆರಡನ್ನೂ ಬೇರೆಬೇರೆ ಸಮಸ್ಯೆಗಳೆಂದು ನೋಡುತ್ತಿರುವುದರಿಂದಲೇ ಎರಡೂ ಪರಿಹಾರ ಕಾಣದೆ ಉಳಿದಿವೆ ಎಂದು ನನ್ನ ಅಭಿಪ್ರಾಯ.

ಮೊದಲು ಕಾನೂನಿನ ಮಾತು. ಹಳೆಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅಂಗಡಿ ಕಳವನ್ನು ಎರಡು ತುದಿಗಳಿಂದ ಹಿಡಿದಿದೆ. ಒಂದು ತುದಿಯಲ್ಲಿ 303ನೇ ಕಲಂ ಇದೆ. ಕಳುವಾದ ಮಾಲಿನ ಬೆಲೆ ಐದು ಸಾವಿರ ರೂಪಾಯಿಗಿಂತ ಕಡಿಮೆಯಿದ್ದು, ಅಪರಾಧಿಗೆ ಅದು ಮೊದಲ ಶಿಕ್ಷೆಯಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಆತ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಇನ್ನೊಂದು ತುದಿಯಲ್ಲಿ 112ನೇ ಕಲಂ ಇದೆ. ಗುಂಪಿನ ಸದಸ್ಯನಾಗಿ ಕಳವು ಮಾಡಿದರೆ ಅದು ಸಣ್ಣ ಸಂಘಟಿತ ಅಪರಾಧ ಎನಿಸಿಕೊಳ್ಳುತ್ತದೆ; ಜೇಬುಗಳ್ಳತನ, ವ್ಯಾಪಾರ ಸ್ಥಳದ ಕಳವು, ಅಂಗಡಿಯೊಳಗೆ ಗಿರಾಕಿಯಂತೆ ಬಂದು ಮಾಲು ಎತ್ತುವುದು ಇವೆಲ್ಲವನ್ನೂ ಅದರ ವಿವರಣೆಯಲ್ಲೇ ಹೆಸರಿಸಲಾಗಿದೆ. ಇದಕ್ಕೆ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಏಳು ವರ್ಷದವರೆಗೆ ಜೈಲು. ಹಸಿವಿಗೋ ಚಟಕ್ಕೋ ಒಂದು ಡಬ್ಬಿ ಎತ್ತಿದ ಹುಡುಗನನ್ನು ಜೈಲಿಗೆ ಕಳಿಸದೆ, ಊರೂರು ಸುತ್ತುವ ಗುಂಪನ್ನು ಮಾತ್ರ ಗಟ್ಟಿಯಾಗಿ ಹಿಡಿಯಬೇಕೆಂಬ ಈ ಆಲೋಚನೆ ಕಾಗದದ ಮೇಲೆ ಸರಿಯಾಗಿಯೇ ಇದೆ.

ತೊಡಕು ಇರುವುದು ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿಯಲ್ಲಿ. ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಕಳವನ್ನು ಅಲ್ಲಿ ಅಸಂಜ್ಞೇಯ ಅಪರಾಧವೆಂದು ಇರಿಸಲಾಗಿದೆ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ದೂರನ್ನು ಪುಸ್ತಕದಲ್ಲಿ ಬರೆದುಕೊಂಡು ದೂರುದಾರನನ್ನು ನ್ಯಾಯಾಲಯದ ದಾರಿಗೆ ಕಳಿಸಬೇಕು. ನಮ್ಮ ಮಲೆನಾಡಿನ ಲೆಕ್ಕದಲ್ಲಿ ಈ ಐದು ಸಾವಿರ ಎಂದರೆ ಎಷ್ಟು? ಕ್ವಿಂಟಲ್‌ಗೆ ಐವತ್ತು ಸಾವಿರದ ದರ ಇರುವಾಗ ಹತ್ತು ಕಿಲೋ ರಾಶಿ ಅಡಿಕೆ. ಒಬ್ಬ ಸಣ್ಣ ರೈತ ಅಂಗಳದಲ್ಲಿ ಒಣಹಾಕಿದ ಅಡಿಕೆಯಲ್ಲಿ ಎಂಟು ಕಿಲೋ ಹೋದರೆ, ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯವನ ಸಿಗರೇಟು, ರೀಚಾರ್ಜಿನ ಹಣ ಎಲ್ಲ ಸೇರಿ ನಾಲ್ಕು ಸಾವಿರ ಹೋದರೆ, ಅದು ಅವರ ವಾರದ ದುಡಿಮೆ. ಇವರು ವಕೀಲರನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ಹೋಗುವ ವೆಚ್ಚ ಕಳುವಾದ ಮಾಲಿಗಿಂತ ಹೆಚ್ಚಾಗುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದನ್ನು ನಮ್ಮ ವರ್ತಕ ಮಿತ್ರರು ಗಮನಿಸಿದಂತೆ ಕಾಣುವುದಿಲ್ಲ. ಅದೇ ನ್ಯಾಯ ಸಂಹಿತೆಯ 305ನೇ ಕಲಂ ಮಾಲು ಇಡಲು ಬಳಸುವ ಕಟ್ಟಡದಲ್ಲಿ ನಡೆದ ಕಳವಿಗೆ ಏಳು ವರ್ಷದವರೆಗೆ ಶಿಕ್ಷೆ ಹೇಳುತ್ತದೆ, ಅಲ್ಲಿ ಐದು ಸಾವಿರದ ಗೆರೆಯ ಮಾತಿಲ್ಲ. ಅಂಗಡಿಯೂ ಉಗ್ರಾಣವೂ ಮಾಲು ಇಡುವ ಕಟ್ಟಡಗಳೇ. ಹಾಗಾಗಿ ಒಂದೇ ಕಳವು ಸಣ್ಣ ಅಸಂಜ್ಞೇಯ ಪ್ರಕರಣವಾಗಬಹುದು ಅಥವಾ ಪೂರ್ಣ ತನಿಖೆ ಬೇಡುವ ಪ್ರಕರಣವಾಗಬಹುದು. ಯಾವುದು ಎಂಬುದು ದೂರು ಬರೆದುಕೊಳ್ಳುವ ಅಧಿಕಾರಿ ಯಾವ ಕಲಂ ಹಾಕುತ್ತಾರೆ ಎಂಬುದರ ಮೇಲೆ ನಿಲ್ಲುತ್ತದೆ. 305 ಹಾಕಿದ ಕೂಡಲೇ ಕೆಲಸ ಬೆಳೆಯುತ್ತದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಸುರಕ್ಷಾ ಸಂಹಿತೆಯ 176ನೇ ಕಲಂ ಹೇಳುತ್ತದೆ, ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶವನ್ನೂ ಕೊಟ್ಟಿದೆ. ಶೋಧ ಮತ್ತು ಜಪ್ತಿಯನ್ನು ಧ್ವನಿ ಸಹಿತ ವಿಡಿಯೊ ಮಾಡಬೇಕು ಎಂದು 105ನೇ ಕಲಂ ಹೇಳುತ್ತದೆ. ದೂರುದಾರನಿಗೆ ತನಿಖೆಯ ಪ್ರಗತಿಯನ್ನು ತೊಂಬತ್ತು ದಿನಗಳೊಳಗೆ ತಿಳಿಸಬೇಕೆಂಬುದು 193ನೇ ಕಲಂ. ಇವೆಲ್ಲ ಒಳ್ಳೆಯ ನಿಯಮಗಳೇ. ಆದರೆ ಆಗುಂಬೆಯಂಥ ಠಾಣೆ ಶಿವಮೊಗ್ಗ ನಗರದಿಂದ 90 ಕಿಲೋಮೀಟರ್ ಹತ್ತಿರ ದೂರದಲ್ಲಿದೆ. ಜುಲೈ ತಿಂಗಳ ಮಳೆಯಲ್ಲಿ ಅಲ್ಲಿಗೆ ಬೆರಳಚ್ಚು ತಜ್ಞರು ತಲುಪುವ ಹೊತ್ತಿಗೆ ಬೀಗದ ಮೇಲೆ ಏನು ಉಳಿದಿರುತ್ತದೆ ಎಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಕೈಗಳು ಹೆಚ್ಚದೆ ಕೆಲಸ ಮಾತ್ರ ಹೆಚ್ಚಿದಾಗ ಬರೆಯುವ ಲೇಖನಿ ಸಹಜವಾಗಿಯೇ ಹಗುರವಾದ ಕಲಂ ಕಡೆಗೆ ವಾಲುತ್ತದೆ. ಇದನ್ನು ನಾನು ಯಾರ ಅಪ್ರಾಮಾಣಿಕತೆ ಎಂದೂ ಹೇಳುತ್ತಿಲ್ಲ.

ನನಗೆ ಪರಿಚಯದ ಸ್ಟೇಷನರಿ ವ್ಯಾಪಾರಿಯೊಬ್ಬರ ಗಲ್ಲಾಪೆಟ್ಟಿಗೆಯನ್ನು ಹಾಡಹಗಲೇ ಇಬ್ಬರು ಖಾಲಿ ಮಾಡಿಕೊಂಡು ಹೋದರು. ಕ್ಯಾಮೆರಾದಲ್ಲಿ ಮುಖ ಸ್ಪಷ್ಟವಾಗಿತ್ತು. ಠಾಣೆಗೆ ಹೋದರೆ ಅಲ್ಲಿದ್ದವರು ಒಬ್ಬ ಬರಹಗಾರ ಮತ್ತು ಪಹರೆಯ ಒಬ್ಬ ಸಿಬ್ಬಂದಿ. ಉಳಿದವರೆಲ್ಲ ಮೆರವಣಿಗೆಯ ಬಂದೋಬಸ್ತ್‌ನಲ್ಲಿದ್ದರು. ಇಬ್ಬರು ಬಂದಿದ್ದರು ಎಂಬ ಒಂದೇ ಸಂಗತಿ 112ನೇ ಕಲಮಿನ ಪ್ರಶ್ನೆಯನ್ನು ಎತ್ತುತ್ತಿತ್ತು, ಅಂಗಡಿಯೊಳಗೆ ಎಂಬ ಸಂಗತಿ 305ನ್ನು. ಇವೆರಡನ್ನೂ ಯಾರೂ ಕೇಳಲಿಲ್ಲ. ಕೆಲವು ದಿನಗಳ ನಂತರ ಅವರಿಗೆ ಸಿಕ್ಕಿದ್ದು ಎಫ್‌ಐಆರ್ ಅಲ್ಲ, ದೂರಿಗೆ ಠಾಣೆ ಬರೆದುಕೊಟ್ಟ ಒಂದು ಹಿಂಬರಹ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದ್ದೂ, ಠಾಣೆಯಲ್ಲಿ ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ದೂರು ಕಳಿಸುವ ಅವಕಾಶ ಇರುವುದೂ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅಂಗಡಿ ಮುಚ್ಚಿ ಓಡಾಡಲು ಪುರುಸೊತ್ತು ಎಲ್ಲಿ?

ಹೀಗೆ ದಾಖಲಾಗದೆ ಹೋದ ಕಳವು ಅಂಕಿಅಂಶಕ್ಕೂ ಸೇರುವುದಿಲ್ಲ. ಅಂಕಿಅಂಶದಲ್ಲಿ ಅಪರಾಧ ಕಡಿಮೆ ಕಂಡರೆ ಹೆಚ್ಚುವರಿ ಹುದ್ದೆಯ ಬೇಡಿಕೆಗೆ ಆಧಾರವೂ ಕಡಿಮೆಯಾಗುತ್ತದೆ. ಹುದ್ದೆ ಬರದಿದ್ದರೆ ಮುಂದಿನ ದೂರೂ ಹಿಂಬರಹವಾಗುತ್ತದೆ. ಈ ಸುತ್ತಿನಿಂದ ಹೊರಬರದೆ ನಾವು ಎಷ್ಟು ಮನವಿ ಪತ್ರ ಕೊಟ್ಟರೂ ಅಷ್ಟೇ.

ಸಿಬ್ಬಂದಿಯ ಕೊರತೆ ಏಕೆ ಆಯಿತು ಎಂಬುದಕ್ಕೆ ದೂರ ಹೋಗಬೇಕಿಲ್ಲ. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಲಿಖಿತ ಪರೀಕ್ಷೆಯ ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು; ನೇಮಕಾತಿ ವಿಭಾಗದ ಹಿರಿಯ ಅಧಿಕಾರಿಯೇ ಬಂಧನಕ್ಕೆ ಒಳಗಾದರು; ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪರೀಕ್ಷೆ ಮುಗಿದರೆ ಆಯಿತೇ, ಆಮೇಲೆ ಆಯ್ಕೆಪಟ್ಟಿ, ವರ್ಷದ ತರಬೇತಿ, ಪ್ರೊಬೇಷನ್. ಹಣ ಕೊಟ್ಟು ಉತ್ತರ ಪತ್ರಿಕೆ ತುಂಬಿಸಿಕೊಂಡ ಕೆಲವರ ದುರಾಸೆಯ ಬೆಲೆಯನ್ನು ರಾಜ್ಯದ ಠಾಣೆಗಳು ವರ್ಷಗಟ್ಟಲೆ ತೆತ್ತವು, ಪ್ರಾಮಾಣಿಕವಾಗಿ ಓದಿ ಬರೆದ ಯುವಕರು ವಯಸ್ಸು ಮೀರುವ ಭಯದಲ್ಲಿ ಕಾದರು. ಅದರ ಬೆನ್ನಿಗೇ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸಬಾರದೆಂದು ಸಚಿವ ಸಂಪುಟ 2024ರ ಅಕ್ಟೋಬರ್‌ನಲ್ಲಿ ನಿರ್ಧರಿಸಿತು. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಆ ನಿರ್ಧಾರಕ್ಕೆ ಸಮರ್ಥನೆ ಇದೆ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಆ ಅವಧಿಯಲ್ಲಿ ನಿವೃತ್ತಿಗಳೇನೂ ನಿಲ್ಲಲಿಲ್ಲ.

ಇದ್ದ ಸಿಬ್ಬಂದಿಯಾದರೂ ಪೂರ್ತಿ ಠಾಣೆಗೆ ಸಿಗುತ್ತಾರೆಯೇ ಎಂದರೆ ಅದೂ ಇಲ್ಲ. ಕೋರ್ಟ್ ಡ್ಯೂಟಿ, ಸಮನ್ಸ್ ಮತ್ತು ವಾರಂಟ್ ಜಾರಿ, ಕೈದಿ ಬೆಂಗಾವಲು, ಗಣ್ಯರ ಪ್ರವಾಸ, ಅಧಿಕಾರಿಗಳ ಕಚೇರಿಗೆ ಅನ್ಯ ಕರ್ತವ್ಯದ ಮೇಲೆ ಹೋದವರು, ಇವನ್ನೆಲ್ಲ ಕಳೆದ ಮೇಲೆ ರಾತ್ರಿ ಬೀಟ್‌ಗೆ ಉಳಿಯುವವರೆಷ್ಟು? ಶಿವಮೊಗ್ಗಕ್ಕೆ ಇದರ ಮೇಲೆ ಇನ್ನೊಂದು ಹೊರೆ ಇದೆ. 2022ರ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ನಗರದಲ್ಲಿ, 2023ರ ಅಕ್ಟೋಬರ್‌ನಲ್ಲಿ ನಗರದ ರಾಗಿಗುಡ್ಡದಲ್ಲಿ ನಡೆದ ಕೋಮು ಹಿಂಸೆಯನ್ನು ಕಂಡ ಮೇಲೆ ಗಣಪತಿ ವಿಸರ್ಜನೆ ಮತ್ತು ಈದ್ ಮಿಲಾದ್ ಮೆರವಣಿಗೆಗಳು ಬಂದವೆಂದರೆ ತೀರ್ಥಹಳ್ಳಿ, ಹೊಸನಗರ, ಸೊರಬದ ಠಾಣೆಗಳೂ ಅರ್ಧ ಖಾಲಿಯಾಗುತ್ತವೆ. ಬಂದೋಬಸ್ತ್ ಬೇಡ ಎನ್ನುವ ವರ್ತಕ ಈ ಊರಿನಲ್ಲಿ ಯಾರೂ ಇಲ್ಲ, ನಿಷೇಧಾಜ್ಞೆಯ ದಿನಗಳಲ್ಲಿ ಬಾಗಿಲು ಹಾಕಿ ಕೂತವರು ನಾವೇ. ಆದರೆ ನಗರದಲ್ಲಿ ಪಡೆ ಸೇರಿದ ರಾತ್ರಿ ತಾಲ್ಲೂಕಿನ ಪೇಟೆಗಳಲ್ಲಿ ಗಸ್ತು ಇರುವುದಿಲ್ಲ ಎಂಬುದು ಕಳ್ಳರಿಗೂ ತಿಳಿದಿರುವ ಸಂಗತಿ.

ಹಾಗೆಂದು ಜಿಲ್ಲೆಯಲ್ಲಿ ಸಮವಸ್ತ್ರಕ್ಕೆ ಬರವಿಲ್ಲ. ಮಾಚೇನಹಳ್ಳಿಯಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆಯ 8ನೇ ಪಡೆ ಇದೆ. ಭದ್ರಾವತಿಯಲ್ಲಿ ಕೇಂದ್ರದ ಕ್ಷಿಪ್ರ ಕಾರ್ಯಪಡೆಯ 97ನೇ ಬೆಟಾಲಿಯನ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. 2025ರಲ್ಲಿ ರಾಜ್ಯ ಸರ್ಕಾರ ಕೋಮು ಹಿಂಸೆ ತಡೆಯಲು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆ ವಿಶೇಷ ಕಾರ್ಯಪಡೆ ರಚಿಸಿ, ಅದಕ್ಕೆ 248 ಸಿಬ್ಬಂದಿಯನ್ನು ನಕ್ಸಲ್ ನಿಗ್ರಹ ಪಡೆಯಿಂದ ತೆಗೆದುಕೊಂಡಿತು. ಆ ವರ್ಷದ ಆರಂಭದಲ್ಲಿ ಉಳಿದ ನಕ್ಸಲರು ಶರಣಾಗಿ ಮಲೆನಾಡಿನ ಕಾಡಿನಲ್ಲಿ ಆ ಪಡೆಯ ಕೆಲಸ ಕಡಿಮೆಯಾಗಿತ್ತು, ಆದ್ದರಿಂದ ಈ ವರ್ಗಾವಣೆ ಅರ್ಥವಾಗುವಂಥದ್ದೇ. ನನ್ನ ತಕರಾರು ಇಷ್ಟೇ: ಬೆಂಕಿ ಬಿದ್ದಾಗ ಬರುವ ಪಡೆಗಳಿಗೆ ಜನ ಸಿಗುತ್ತಾರೆ, ಬೆಳಗಿನ ಜಾವ ಮೂರಕ್ಕೆ ಪೇಟೆಯ ಓಣಿಯಲ್ಲಿ ಸೀಟಿ ಊದಿಕೊಂಡು ಹೋಗುವ ಕೆಲಸಕ್ಕೆ ಸಿಗುವುದಿಲ್ಲ. ಪೊಲೀಸ್ ಸುಧಾರಣೆಯ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಕೊಟ್ಟ ನಿರ್ದೇಶನಗಳಲ್ಲಿ ತನಿಖೆಯನ್ನು ಕಾನೂನು ಸುವ್ಯವಸ್ಥೆಯಿಂದ ಬೇರ್ಪಡಿಸಬೇಕೆಂಬುದೂ ಒಂದು. ಹತ್ತು ಲಕ್ಷ ಮೀರಿದ ನಗರಗಳಿಂದ ಆರಂಭಿಸಿ ಕ್ರಮೇಣ ಸಣ್ಣ ಊರುಗಳಿಗೂ ಅದನ್ನು ವಿಸ್ತರಿಸಬೇಕು ಎಂದು ಅಲ್ಲಿ ಹೇಳಿತ್ತು. 2011ರ ಜನಗಣತಿಯಲ್ಲಿ ಮೂರು ಲಕ್ಷ ದಾಟಿದ್ದ ಶಿವಮೊಗ್ಗದಂಥ ನಗರಕ್ಕೆ ಆ ‘ಕ್ರಮೇಣ’ ಯಾವಾಗ ಬರುತ್ತದೆ? ಕಳವಿನ ತನಿಖಾಧಿಕಾರಿಯನ್ನು ಮೆರವಣಿಗೆಯ ಬಂದೋಬಸ್ತ್‌ಗೆ ಕಳಿಸಬಾರದು ಎಂಬ ಒಂದು ನಿಯಮ ನಿಜವಾಗಿ ಪಾಲನೆಯಾದರೆ ನಮ್ಮ ಅರ್ಧ ದೂರು ಮುಗಿಯುತ್ತದೆ.

ಇನ್ನು ಕ್ಯಾಮೆರಾ. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಅಧಿನಿಯಮ, 2017ರ ಪ್ರಕಾರ ಒಂದೇ ಸಮಯಕ್ಕೆ ನೂರು ಅಥವಾ ದಿನಕ್ಕೆ ಐನೂರು ಜನ ಸೇರುವ ಸಂಸ್ಥೆಗಳು ಸ್ವಂತ ಖರ್ಚಿನಲ್ಲಿ ಸಿಸಿಟಿವಿ ಹಾಕಿಸಿ, ಮೂವತ್ತು ದಿನಗಳ ದೃಶ್ಯ ಉಳಿಸಿಟ್ಟು, ಪೊಲೀಸರು ಕೇಳಿದಾಗ ಕೊಡಬೇಕು. ದೊಡ್ಡ ಬಟ್ಟೆ ಅಂಗಡಿ, ಚಿನ್ನದ ಅಂಗಡಿಗಳಿಗೆ ಇದು ಹೊರೆಯಲ್ಲ. ಈ ವ್ಯಾಪ್ತಿಗೆ ಬಾರದ ಸಣ್ಣವರೂ ಠಾಣೆಯ ಸಭೆಗಳಲ್ಲಿ ಹೇಳಿದರೆಂದು ಕ್ಯಾಮೆರಾ ಹಾಕಿಸಿಕೊಂಡಿದ್ದೇವೆ. ಆದರೆ ಕ್ಯಾಮೆರಾ ತೋರಿಸಿದ ಮುಖವನ್ನು ಹುಡುಕಿಕೊಂಡು ಹೋಗಬೇಕಾದವನು ಮನುಷ್ಯನೇ. ಬೀಟ್ ಪೊಲೀಸ್ ಇಲ್ಲದ ಪೇಟೆಯಲ್ಲಿ ಕ್ಯಾಮೆರಾ ಎಂದರೆ ಕಾಯುವವನಿಲ್ಲದ ಗದ್ದೆಯ ಬೆರ್ಚಪ್ಪ.

ಅದೇ ಹೊತ್ತಿನಲ್ಲಿ ಠಾಣೆಯೊಳಗಿನ ಕ್ಯಾಮೆರಾಗಳ ಕಥೆಯನ್ನೂ ನೋಡಬೇಕು. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ದೇಶದ ಪ್ರತಿ ಠಾಣೆಯ ಪ್ರವೇಶದ್ವಾರ, ಲಾಕಪ್, ಪಡಸಾಲೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯಗಳನ್ನು ಹದಿನೆಂಟು ತಿಂಗಳು, ಅಷ್ಟು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದಿತು. ಅದರ ಮೇಲ್ವಿಚಾರಣೆಗೆ ಜಿಲ್ಲಾ ಮಟ್ಟದ ಸಮಿತಿಯನ್ನೂ ಹೇಳಿತು: ಪ್ರಾದೇಶಿಕ ಆಯುಕ್ತರು, ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಜೊತೆಗೆ ಮೇಯರ್ ಅಥವಾ ಜಿಲ್ಲಾ ಪಂಚಾಯಿತಿಯ ಮುಖ್ಯಸ್ಥರು. ನಾಲ್ವರಲ್ಲಿ ಜನರಿಂದ ಬಂದವರು ಆ ಕೊನೆಯವರೊಬ್ಬರೇ. ರಾಜ್ಯದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ಆಡಳಿತಾಧಿಕಾರಿಗಳ ಕೈ ಸೇರಿದವು; ನಮ್ಮ ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿಯೂ 2023ರ ಕೊನೆಗೆ ಮುಗಿಯಿತು. ಚುನಾವಣೆ ಮುಂದಕ್ಕೆ ಹೋದರೆ ಚರಂಡಿ, ಬೀದಿದೀಪದ ಕೆಲಸ ನಿಲ್ಲುತ್ತದೆ ಎಂದು ನಾವು ಗೊಣಗುತ್ತೇವೆ. ಪೊಲೀಸ್ ಠಾಣೆಯ ಮೇಲಿನ ನಾಗರಿಕ ಕಣ್ಣೂ ಅದರ ಜೊತೆಗೇ ಮುಚ್ಚಿಕೊಳ್ಳುತ್ತದೆ ಎಂಬುದು ಯಾರ ಭಾಷಣದಲ್ಲೂ ಬರುವುದಿಲ್ಲ.

ಈಗ ಗೂಂಡಾ ಕಾಯ್ದೆಗೆ ಬರುತ್ತೇನೆ. ನಾವು ಬಾಯಿಮಾತಿಗೆ ಹೀಗೆ ಕರೆಯುವ 1985ರ ಕರ್ನಾಟಕದ ಕಾಯ್ದೆಯು ವಿಚಾರಣೆಯಿಲ್ಲದೆ ಹನ್ನೆರಡು ತಿಂಗಳವರೆಗೆ ಒಬ್ಬನನ್ನು ಬಂಧನದಲ್ಲಿಡಲು ಅಧಿಕಾರ ಕೊಡುತ್ತದೆ. ಸ್ವತ್ತಿನ ಅಪರಾಧಗಳನ್ನು ರೂಢಿಯಾಗಿ ಮಾಡುವವನೂ ಅದರ ವ್ಯಾಖ್ಯಾನದೊಳಗೆ ಬರುತ್ತಾನೆ. ಜಿಲ್ಲಾಧಿಕಾರಿ ಆದೇಶ ಹೊರಡಿಸಿದರೆ ಹನ್ನೆರಡು ದಿನಗಳೊಳಗೆ ಸರ್ಕಾರ ಅನುಮೋದಿಸಬೇಕು, ನಂತರ ಸಲಹಾ ಮಂಡಳಿ ನೋಡಬೇಕು. ಮಂಡಳಿಯ ಮುಂದೆ ಬಂಧಿತನ ಪರವಾಗಿ ವಕೀಲರು ಹಾಜರಾಗುವ ಹಕ್ಕಿಲ್ಲ. ತೆಲಂಗಾಣದ ಇಂಥದೇ ಕಾಯ್ದೆಯಡಿ ಸ್ವತ್ತಿನ ಅಪರಾಧದ ಆರೋಪಿಯೊಬ್ಬನನ್ನು ಬಂಧಿಸಿದ್ದ ಪ್ರಕರಣದಲ್ಲಿ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನು ರದ್ದು ಮಾಡಿತು. ಸಾಮಾನ್ಯ ಕಾನೂನು ಸುವ್ಯವಸ್ಥೆಯ ಪ್ರಶ್ನೆಯನ್ನು ಸಾರ್ವಜನಿಕ ವ್ಯವಸ್ಥೆಗೆ ಬಂದ ಅಪಾಯವೆಂದು ಬಿಂಬಿಸಬಾರದು, ಸಲಹಾ ಮಂಡಳಿಗಳು ಬರೀ ಮೊಹರು ಒತ್ತುವ ಸಂಸ್ಥೆಗಳಾಗಬಾರದು ಎಂಬುದು ಅದರ ತಿರುಳು. ನಮ್ಮ ವರ್ತಕರ ಬೇಡಿಕೆಗೆ ಇದು ನೇರವಾಗಿ ಅನ್ವಯಿಸುತ್ತದೆ. ತನಿಖೆ ಸರಿಯಾಗಿ ಮಾಡಿ 112 ಅಥವಾ 305ರಡಿ ಶಿಕ್ಷೆ ಕೊಡಿಸಲಾಗದ್ದನ್ನು ವಿಚಾರಣೆಯಿಲ್ಲದ ಬಂಧನದಿಂದ ತುಂಬಿಸಲು ಹೊರಟರೆ ಆ ಆದೇಶ ಹೈಕೋರ್ಟಿನಲ್ಲಿ ಬಿದ್ದುಹೋಗುತ್ತದೆ, ಆತ ಮೊದಲಿಗಿಂತ ಹೆಚ್ಚು ಧೈರ್ಯದಿಂದ ಪೇಟೆಗೆ ಮರಳುತ್ತಾನೆ. ಗಡಿಪಾರಿನ ಪಾಡೂ ಇದೇ; 1963ರ ಪೊಲೀಸ್ ಕಾಯ್ದೆಯಡಿ ನಾವು ಇಲ್ಲಿಂದ ಕಳಿಸಿದವನು ಬೇರೆ ಜಿಲ್ಲೆಯ ಅಷ್ಟೇ ಬಡಕಲು ಠಾಣೆಯ ಹೊರೆಯಾಗುತ್ತಾನೆ, ಅಲ್ಲಿಂದ ಇಲ್ಲಿಗೂ ಬರುತ್ತಾರೆ.

ಇಂಥ ಕಾಯ್ದೆಗಳು ಇರಲೇಬಾರದು ಎನ್ನುವಷ್ಟು ದೂರ ನಾನು ಹೋಗುವುದಿಲ್ಲ. ಅವುಗಳ ಲೆಕ್ಕ ಎಲ್ಲಿದೆ ಎಂದು ಮಾತ್ರ ಕೇಳುತ್ತೇನೆ. ಬ್ರಿಟನ್‌ನಲ್ಲಿ ಭಯೋತ್ಪಾದನಾ ಕಾನೂನುಗಳ ಬಳಕೆಯನ್ನು ಸರ್ಕಾರದ ಹೊರಗಿನ ಒಬ್ಬ ಸ್ವತಂತ್ರ ಪರಿಶೀಲಕರು ನೋಡಿ ವರದಿ ಬರೆಯುತ್ತಾರೆ, ಅದನ್ನು ಸಂಸತ್ತಿನಲ್ಲಿ ಮಂಡಿಸಬೇಕು. ಆಸ್ಟ್ರೇಲಿಯಾ 2010ರಲ್ಲಿ ಇದಕ್ಕೆಂದೇ ಕಾನೂನು ಮಾಡಿ ಒಬ್ಬ ಸ್ವತಂತ್ರ ವೀಕ್ಷಕರ ಹುದ್ದೆ ಸೃಷ್ಟಿಸಿತು. ನಮ್ಮಲ್ಲೂ ಇದರ ನೆರಳು ಇಲ್ಲದಿಲ್ಲ. ಭಯೋತ್ಪಾದನೆ ತಡೆಯಲೆಂದು ತಂದಿದ್ದ ಟಾಡಾ ಕಾಯ್ದೆಗೆ ಸಂಸತ್ತು ಅವಧಿ ನಿಗದಿ ಮಾಡಿ ಆಗಾಗ ವಿಸ್ತರಿಸಬೇಕಿತ್ತು. ದುರ್ಬಳಕೆಯ ಕೂಗು ಎದ್ದು 1995ರಲ್ಲಿ ವಿಸ್ತರಣೆ ಸಿಗದೆ ಅದು ಮುಗಿಯಿತು. ಅದರ ನಂತರ ಬಂದ ಅಂಥದೇ ಕಾಯ್ದೆ ಪೋಟಾ 2004ರಲ್ಲಿ ರದ್ದಾದಾಗ ಬಾಕಿ ಪ್ರಕರಣಗಳನ್ನು ಪರಿಶೀಲನಾ ಸಮಿತಿಗಳು ನೋಡಬೇಕೆಂದು ರದ್ದತಿಯ ಕಾನೂನಿನಲ್ಲೇ ಬರೆದಿದ್ದರು. ರಾಜ್ಯದ 1985ರ ಕಾಯ್ದೆಗೆ ಮುಗಿಯುವ ಅವಧಿಯಿಲ್ಲ. ಜಿಲ್ಲೆಯಲ್ಲಿ ಎಷ್ಟು ಜನರ ಮೇಲೆ ಆದೇಶವಾಯಿತು, ಎಷ್ಟನ್ನು ಮಂಡಳಿ ಒಪ್ಪಲಿಲ್ಲ, ಎಷ್ಟು ಹೈಕೋರ್ಟಿನಲ್ಲಿ ಬಿದ್ದವು ಎಂಬುದು ಯಾರಾದರೂ ಶಾಸಕರು ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರೆ ಹೊರಬರಬಹುದು. ಪ್ರಕಾಶ್ ಸಿಂಗ್ ತೀರ್ಪಿನಂತೆ ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳಿಗೆ ಅವಕಾಶ ಕಲ್ಪಿಸಿದೆ. ನಮ್ಮ ಜಿಲ್ಲೆಯ ಪ್ರಾಧಿಕಾರಕ್ಕೆ ದೂರು ಕೊಡಬೇಕಾದರೆ ಯಾವ ಬಾಗಿಲಿಗೆ ಹೋಗಬೇಕೆಂದು ಪೇಟೆಯಲ್ಲಿ ಹತ್ತು ಜನರನ್ನು ಕೇಳಿ ನೋಡಿ.

ಆದ್ದರಿಂದ ಮುಂದಿನ ಬಾರಿ ಜಿಲ್ಲಾಧಿಕಾರಿ ಮತ್ತು ವರಿಷ್ಠಾಧಿಕಾರಿಗಳನ್ನು ಕಾಣುವಾಗ ವರ್ತಕರ ಮನವಿ ಬೇರೆ ರೀತಿ ಇರಲಿ ಎಂದು ಕೋರುತ್ತೇನೆ. ಜಿಲ್ಲೆಯ ಪ್ರತಿ ಠಾಣೆಯ ಮಂಜೂರಾದ ಹುದ್ದೆ, ಭರ್ತಿಯಾದದ್ದು, ಅನ್ಯ ಕರ್ತವ್ಯಕ್ಕೆ ಹೋದವರು, ರಾತ್ರಿ ಬೀಟ್‌ಗೆ ಉಳಿದವರು ಎಷ್ಟೆಂಬುದನ್ನು ತಿಂಗಳಿಗೊಮ್ಮೆ ಠಾಣೆಯ ಫಲಕದಲ್ಲೇ ಹಾಕಲಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಇಂಥದ್ದನ್ನು ಯಾರೂ ಕೇಳದೆಯೇ ಪ್ರಕಟಿಸಲು ಹೇಳುತ್ತದೆ. ಬಂಧಿತರ ವಿವರಗಳನ್ನು ಠಾಣೆಯಲ್ಲಿ ಪ್ರದರ್ಶಿಸಬೇಕೆಂದು ಸುರಕ್ಷಾ ಸಂಹಿತೆಯ 37ನೇ ಕಲಂ ಹೇಳುವುದರಿಂದ ಫಲಕವಂತೂ ಹೇಗೂ ಇರಲೇಬೇಕು. ಅಂಗಡಿ ಕಳವಿನ ಪ್ರತಿ ದೂರಿಗೂ, ಬೆಲೆ ಐನೂರೇ ಇರಲಿ, ಸಂಖ್ಯೆ ಹಾಕಿದ ಸ್ವೀಕೃತಿ ಕೊಡಲಿ, ಯಾವ ಕಲಂ ಹಾಕಿದರು ಮತ್ತು 305 ಅನ್ವಯಿಸುವುದಿಲ್ಲವಾದರೆ ಏಕೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಲಿ. ಗೂಂಡಾ ಕಾಯ್ದೆ ಮತ್ತು ಗಡಿಪಾರಿನ ಆದೇಶಗಳ ವಾರ್ಷಿಕ ಲೆಕ್ಕವನ್ನು, ವ್ಯಕ್ತಿಗಳ ಹೆಸರು ಬಿಟ್ಟು, ಜಿಲ್ಲಾಡಳಿತ ಪ್ರಕಟಿಸಲಿ. ನಮ್ಮ ಸಂಘಗಳೂ ತಮ್ಮ ಸದಸ್ಯರ ಅಂಗಡಿಗಳಲ್ಲಾದ ಕಳವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ವರ್ಷದ ಕೊನೆಗೆ ಪೊಲೀಸ್ ದಾಖಲೆಯ ಜೊತೆ ಹೋಲಿಸಿದರೆ ಎರಡರ ನಡುವಿನ ಅಂತರ ಎಷ್ಟೆಂದು ಗೊತ್ತಾಗುತ್ತದೆ. ಅದಕ್ಕೆ ಸರ್ಕಾರದ ಅನುಮತಿ ಬೇಕಿಲ್ಲ, ಈ ತಿಂಗಳಿಂದಲೇ ಆರಂಭಿಸಬಹುದು.

ಇಂತಿ,
ಒಬ್ಬ ಚಿಲ್ಲರೆ ವರ್ತಕ
ಶಿವಮೊಗ್ಗ